ಅಯ್ಯನವರ ಫಟಫಟಿಯ ಕನ್ನಡಿ

ಕನ್ನಡಿಯನ್ನು ಕಳ್ಳರು ಕದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಳ್ಳನಿಗೆ ಶಾಪ ಹಾಕಬಹುದು, ಪೊಲೀಸ್ ಅಮೀನ ಸಾಹೇಬರಿಗೆ ಅರ್ಜಿ ಬರೆಸಬಹುದು. ಭಕ್ತರು ಕೈಮುಗಿದುಕೊಂಡೇ ಬಿಚ್ಚಿಕೊಂಡು ಹೋದರೆ ಯಾರಿಗೆ ಅರ್ಜಿ ಕೊಡುವುದು? ನಿಜಾಮರ ಫಸಲಿ ಲೆಕ್ಕದ ಸಾವಿರದ ಮೂರುನೂರ ನಲವತ್ತೊಂದರ ಆ ಚಳಿಗಾಲದಲ್ಲಿ ನನ್ನ ಫಟಫಟಿಯ ಎರಡು ಕನ್ನಡಿಗಳು ಒಟ್ಟು ಹದಿನಾಲ್ಕು ಸಲ ಕಾಣೆಯಾದವು. ಹದಿನಾಲ್ಕು ಸಲವೂ ನಾನು ಮೈ ಪರಚಿಕೊಂಡಿದ್ದೇನೆ.

ನಾನು ಉಮರ್ಗಾದ ಕಾಶಿನಾಥಯ್ಯ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರು ತಾಲೂಕಿನ ನೂರಾ ನಲವತ್ತು ಮನೆಗಳಿಗೆ ನಾವು ತಲೆಮಾರುಗಳಿಂದ ಅಯ್ಯಗಳು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರ ಮಣ್ಣಿನ ತನಕ ಎಲ್ಲವೂ ನಮ್ಮ ಕೈಯಿಂದಲೇ ಆಗಬೇಕು. ನನ್ನಪ್ಪ ತಟ್ಟುಕುದುರೆಯ ಮೇಲೆ ಕೂತು ಊರೂರು ತಿರುಗಿದ. ನಾನೂ ಐವತ್ತರ ತನಕ ಹಾಗೆಯೇ ತಿರುಗಿದೆ. ಆಮೇಲೆ ಉದಗೀರದ ಧಾನ್ಯದ ಅಡತಿ ವ್ಯಾಪಾರಿ ವಿಶ್ವನಾಥಪ್ಪ, ಸಿಕಂದರಾಬಾದಿನ ದಂಡಿನ ಛಾವಣಿಯಿಂದ ತನ್ನ ದೇಶಕ್ಕೆ ಹೊರಟಿದ್ದ ಯಾವನೋ ಗೋರಾ ಸಾಹೇಬನ ಫಟಫಟಿ ಮೋಟಾರು ಸೈಕಲ್ಲು ಕೊಂಡು, ಎರಡು ಸಲ ಬಿದ್ದು, ಮೂರನೆಯ ಸಲ ಬೀಳುವ ಮೊದಲೇ ಅದನ್ನು ಗುರುವಿಗೆ ದಾನ ಮಾಡಿದ. ಬಿದ್ದರೆ ಗುರು ಬೀಳಲಿ ಎಂದುಕೊಂಡಿರಬೇಕು. ನಾನು ಬೀಳಲಿಲ್ಲ. ಮೂರು ವರ್ಷದಿಂದ ಅದರ ಮೇಲೆಯೇ ನನ್ನ ಸಂಚಾರ.

ಅದಕ್ಕೆ ಹೈದರಾಬಾದಿನಿಂದ ಎರಡು ಕನ್ನಡಿ ತರಿಸಿದವನು ನಾನೇ. ಅಂಗೈಯಗಲದ ಗುಂಡು ಕನ್ನಡಿ, ಗೇಣುದ್ದದ ಕಡ್ಡಿ, ಹ್ಯಾಂಡಲ್ಲಿಗೆ ಕಚ್ಚುವ ಒಂದು ಹಿಡಿಕೆ, ಬಿಗಿಯಲು ಎರಡು ರೆಕ್ಕೆಯ ಒಂದು ನಟ್ಟು. ಬೆರಳಲ್ಲಿ ತಿರುಗಿಸಿದರೆ ಬಿಚ್ಚುತ್ತದೆ, ತಿರುಗಿಸಿದರೆ ಕೂಡುತ್ತದೆ. ಜಂಗಮನಿಗೆ ಕನ್ನಡಿಯ ಶೋಕಿ ಯಾಕೆ ಎಂದು ಎಲ್ಲರೂ ಆಡಿಕೊಂಡರು. ನನ್ನ ಚಿಕ್ಕಪ್ಪನ ಮಗ ರಾಚಯ್ಯನಂತೂ ಹತ್ತು ಜನರ ನಡುವೆ, "ಅಣ್ಣಾ, ಅಂಗೈ ಹುಣ್ಣಿಗಿ ಕನ್ನಡಿ ಯಾಕ? ನಿಮ್ಮ ಗಡ್ಡ ಬೆಳ್ಳಗಾದದ್ದು ನಾವೇ ಹೇಳ್ತೀವಿ ತಗೋರಿ," ಎಂದು ಹಲ್ಲು ಕಿರಿದ.

ನಿಜ ಹೇಳುವ ಹಾಗಿರಲಿಲ್ಲ. ನಿಜವೇನೆಂದರೆ, ನಾನು ಕಿವುಡ.

ಐದು ವರ್ಷದ ಹಿಂದೆ ಚಳಿಜ್ವರ ಬಂದು ಇಪ್ಪತ್ತು ದಿನ ಮಲಗಿದ್ದೆ. ಎದ್ದಾಗ ಕಿವಿ ಹೋಗಿತ್ತು. ಗುಡುಗು ಕೇಳುತ್ತದೆ, ಮಾತು ಕೇಳುವುದಿಲ್ಲ. ನನ್ನ ಹೆಂಡತಿ ಅನುಸೂಯಾಬಾಯಿಯ ಹೊರತು ಈ ಸಂಗತಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದನ್ನು ಅವಳೇ ಕೂರಿಸಿಕೊಂಡು ಕಲಿಸಿದಳು. ಎದುರು ಕೂತವರ ಜೊತೆ ನನಗೆ ತೊಂದರೆಯಿಲ್ಲ. ಹಿಂದೆ ನಿಂತು ಮಾತಾಡುವವರದ್ದೇ ಕಾಟ.

ಇದನ್ನು ಮುಚ್ಚಿಡುವುದಕ್ಕೆ ಕಾರಣವಿದೆ. ನಮ್ಮ ಮನೆತನದ ದೀಕ್ಷೆಯಲ್ಲಿ ಪಂಚಾಕ್ಷರಿಯ ಜೊತೆ ನಾಲ್ಕು ಮಾತಿನ ಒಂದು ಗುಟ್ಟು ಇದೆ. ಅದನ್ನು ಬರೆಯುವಂತಿಲ್ಲ, ಗಟ್ಟಿಯಾಗಿ ಆಡುವಂತಿಲ್ಲ, ಗಂಡ ಹೆಂಡತಿಗೂ ಹೇಳುವಂತಿಲ್ಲ. ಗುರು ಶಿಷ್ಯನ ಕಿವಿಯಲ್ಲಿ ಅದನ್ನು ಉಸಿರುತ್ತಾನೆ. ಶಿಷ್ಯ ಗುರುವಿನ ಕಿವಿಗೆ ಬಾಯಿ ಹಚ್ಚಿ ಮೂರು ಸಲ ತಿರುಗಿ ಒಪ್ಪಿಸಬೇಕು. ತಪ್ಪಿದರೆ ಗುರು ಮತ್ತೆ ಹೇಳಿಕೊಡುತ್ತಾನೆ. ಗುರು "ಸರಿ ಅದ" ಎಂದರೆ ಮುಗಿಯಿತು, ಆಮೇಲೆ ಸಾಯುವ ತನಕ ಶಿಷ್ಯ ದಿನಾ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಜಪಿಸುವುದು ಅದನ್ನೇ. ಕಿವುಡ ಗುರು ಇದನ್ನು ಹೇಗೆ ಮಾಡಿಸಿಯಾನು? ನನ್ನ ಕಿವಿ ಹೋದದ್ದು ಗೊತ್ತಾದರೆ ದೀಕ್ಷೆಯ ಹಕ್ಕು ಅಂದೇ ರಾಚಯ್ಯನ ಪಾಲು. ಅವನ ಕಿವಿ ಎಷ್ಟು ಚುರುಕೆಂದರೆ ಆಚೆ ಓಣಿಯಲ್ಲಿ ಹೋಳಿಗೆ ಬೇಯುವ ಸದ್ದೂ ಕೇಳುತ್ತದೆ.

ಹಾಗಾಗಿ ಕನ್ನಡಿ. ರಸ್ತೆಯ ಮೇಲೆ ಹಿಂದಿನಿಂದ ಬರುವ ಮೋಟಾರು ನೋಡಲಿಕ್ಕೆ ಅದು ಬೇಕೇ ಬೇಕು, ಅದು ಎಲ್ಲರಿಗೂ ತಿಳಿಯುವ ಮಾತು. ಯಾರಿಗೂ ತಿಳಿಯದ ಮಾತೆಂದರೆ, ದೀಕ್ಷೆ ಇದ್ದಲ್ಲಿ ನಾನು ಒಂದು ಕನ್ನಡಿ ಬಿಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಮಣೆಯ ಮುಂದೆ ವಿಭೂತಿ, ಪತ್ರಿ, ತಂಬಿಗೆಗಳ ಜೊತೆ ಅದನ್ನೂ ಇಟ್ಟು, ಕಡ್ಡಿಯನ್ನು ಓರೆಯಾಗಿ ತಿರುಗಿಸುತ್ತಿದ್ದೆ. ಶಿಷ್ಯ ನನ್ನ ಕಿವಿಗೆ ಬಾಯಿ ಹಚ್ಚಿದರೆ ಅವನ ತುಟಿ ಅದರಲ್ಲಿ ಚೊಕ್ಕ ಕಾಣುತ್ತಿತ್ತು. ಮೂರು ವರ್ಷದಲ್ಲಿ ಒಂದು ದೀಕ್ಷೆಯೂ ತಪ್ಪಿಲ್ಲ.

ಆದರೆ ಕೈಯಿಂದ ಬಿಚ್ಚಬಹುದಾದದ್ದನ್ನು ನಾನೊಬ್ಬನೇ ಬಿಚ್ಚಬೇಕೆಂದು ಎಲ್ಲಿ ಬರೆದಿದೆ? ಮೊದಲು ರಸ್ತೆಯೇ ಬಿಚ್ಚಿತು. ನಮ್ಮ ಕಡೆಯ ಗಾಡಿಹಾದಿಯ ಕುಲುಕಾಟಕ್ಕೆ ಮನುಷ್ಯನ ಹಲ್ಲೇ ಸಡಿಲಾಗುತ್ತವೆ, ನಟ್ಟು ಯಾವ ಲೆಕ್ಕ. ಲೋಹಾರಾದ ಹಾದಿಯಲ್ಲಿ ಎಡಗನ್ನಡಿ ಬಿದ್ದು, ಕಡಲೆ ಹೊಲದಲ್ಲಿ ಮಧ್ಯಾಹ್ನವೆಲ್ಲ ಹುಡುಕಿದೆ. ಚಮ್ಮಾರನ ಹತ್ತಿರ ತೊಗಲಿನ ಬಿಲ್ಲೆ ಮಾಡಿಸಿ ನಟ್ಟಿನ ಕೆಳಗೆ ಹಾಕಿದೆ. ಅದು ಎರಡು ದಿನ ತಾಳಿತು. ತಾಮ್ರದ ತಂತಿ ಸುತ್ತಿದೆ. ಬೀಳಲಿಲ್ಲ, ಆದರೆ ಬಿಚ್ಚುವುದಕ್ಕೆ ಅರ್ಧ ತಾಸು ಬೇಕಾಯಿತು, ಒಳಗೆ ಭಕ್ತರು ಪಾದಪೂಜೆಗೆ ನೀರು ಹಿಡಿದು ಕಾದರು. ಬಳೆಗಾರನ ಅರಗು ಹಚ್ಚಿದೆ. ಬಿಸಿಲೇರಿದ ಕೂಡಲೇ ಕರಗಿ ನನ್ನ ಕಾವಿ ನಿಲುವಂಗಿಯ ಮೇಲೆ ಇಳಿಯಿತು. ಕೊನೆಗೆ ಅನುಸೂಯಾಬಾಯಿ ಪೆಟ್ಟಿಗೆಯಿಂದ ಒಂದು ಹೊಸ ಶಿವದಾರ ತೆಗೆದುಕೊಟ್ಟಳು. ಆ ದಾರ ಗಟ್ಟಿ, ಎಳೆದರೆ ಕಳಚುತ್ತದೆ, ಎಳೆಯದಿದ್ದರೆ ಯಮ ಬಂದರೂ ಬಿಡುವುದಿಲ್ಲ. ನಿಲಂಗಾದಲ್ಲಿ ಒಬ್ಬ ಮುದುಕ ಅದನ್ನು ಕಂಡು, ಲಿಂಗಕ್ಕೆ ಕಟ್ಟುವ ದಾರವನ್ನು ಕನ್ನಡಿಗೆ ಕಟ್ಟಿದ್ದಾರೆಂದು ಊರೆಲ್ಲ ಸಾರಿದ. ಅದನ್ನೂ ಬಿಚ್ಚಿ ಒಗೆದೆ.

ರಸ್ತೆಯ ಕಾಟ ಒಂದಾದರೆ ಭಕ್ತರದ್ದು ಇನ್ನೊಂದು. ಪೂಜೆಯಲ್ಲಿ ಇಟ್ಟದ್ದನ್ನು ಕಂಡಮೇಲೆ ಅವರ ಕಣ್ಣಿಗೆ ಅದು ಬರೀ ಕನ್ನಡಿಯಾಗಿ ಉಳಿಯಲಿಲ್ಲ. ಅಯ್ನೋರ ಕನ್ನಡಿಯಲ್ಲಿ ಮುಖ ನೋಡಿದರೆ ಬಾಣಂತಿಯ ಹಾಲು ಹೆಚ್ಚುತ್ತದೆಂದು ಯಾವ ಪುಣ್ಯಾತ್ಮ ಹುಟ್ಟಿಸಿದನೋ! ನಾನು ಊಟಕ್ಕೆ ಕೂತಾಗ ಹೊರಗೆ ಕನ್ನಡಿ ಮಾಯ. ನಾಲ್ಕು ಮನೆ ತಿರುಗಿ, ಐದನೆಯ ಮನೆಯ ತೊಟ್ಟಿಲ ಪಕ್ಕ ಸಿಗುತ್ತಿತ್ತು. ಇನ್ನೊಂದು ಮನೆಯವರು, ಗುಂಡು ಕನ್ನಡಿಯಲ್ಲಿ ಮೂಗು ಬದನೆಕಾಯಿಯಂತೆ ಕಾಣುತ್ತದೆ, ಗುರುವಿಗೆ ಇಂಥದ್ದು ಶೋಭೆಯಲ್ಲ ಎಂದು, ಅದನ್ನು ತೆಗೆದಿಟ್ಟುಕೊಂಡು, ಕಟ್ಟಿಗೆಯ ಚೌಕಟ್ಟಿನ ಹೊಸ ಕನ್ನಡಿಯೊಂದನ್ನು ಹ್ಯಾಂಡಲ್ಲಿಗೆ ಸುತಳಿಯಿಂದ ಬಿಗಿದಿದ್ದರು. ಹೀಗೆ ಬದಲಾಯಿಸುವವರ ಕಾಟ ತಾಳದೆ ನಾನೊಂದು ಸುಳ್ಳು ಹೇಳಿದೆ. ಇದು ಗುರುಮನೆಯಿಂದ ಬಂದ ದರ್ಪಣ, ನನ್ನ ಪೂಜೆಯಲ್ಲಿ ಬೇರೆ ಯಾವ ಕನ್ನಡಿಯೂ ನಡೆಯುವುದಿಲ್ಲ ಎಂದು ಮೂರು ತಾಲೂಕಿಗೂ ಮುಟ್ಟಿಸಿದೆ. ಬದಲಾಯಿಸುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ಮೀಸೆಯ ಮೇಲೆ ಕೈಹಾಕಿಕೊಂಡೆ.

ಆ ಮಾಘದಲ್ಲಿ ವಿಶ್ವನಾಥಪ್ಪನ ತಾಯಿ ಸರುಬಾಯಿಗೆ ದೀಕ್ಷೆ ನಿಶ್ಚಯವಾಯಿತು. ಎಪ್ಪತ್ತು ದಾಟಿದ ಮುದುಕಿ. ಇಷ್ಟು ದಿನ ಮನೆ, ಮಕ್ಕಳು, ಅಡತಿ ಅಂಗಡಿಯ ಲೆಕ್ಕ ಎಂದು ಮುಂದೂಡಿ, ಈಗ ಒಮ್ಮೆಲೇ ಅವಸರ ಹಚ್ಚಿದ್ದಳು. ಉದಗೀರದ ಆ ಮನೆಯೇ ನನ್ನ ಸಂಚಾರದ ನಡುಗಂಬ. ಅಲ್ಲಿ ಒಪ್ಪಿದರೆ ಮೂರು ತಾಲೂಕು ಒಪ್ಪಿದಂತೆ, ಅಲ್ಲಿ ಮುಖ ಕೆಟ್ಟರೆ ಎಲ್ಲೂ ನಿಲ್ಲುವಂತಿಲ್ಲ. ರಾಚಯ್ಯ ಎಂಟು ದಿನ ಮೊದಲೇ ಹೋಗಿ ಅಲ್ಲಿ ಠಿಕಾಣಿ ಹೂಡಿದ್ದ.

ನಾನು ಹಿಂದಿನ ದಿನ ಹೊರಟು ಕಾಸಾರಶಿರಸಿಯಲ್ಲಿ ಬಕ್ಕಪ್ಪನ ಮನೆಯಲ್ಲಿ ಇಳಿದೆ. ಬಕ್ಕಪ್ಪ ಎರಡೆತ್ತಿನ ಒಕ್ಕಲಿಗ. ನನ್ನ ಮೇಲೆ ಅವನಿಗಿರುವ ಭಕ್ತಿಯನ್ನು ನೋಡಿದರೆ ನನಗೇ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು. ಆ ದಿನ ಹಾದಿಯಲ್ಲಿ ಬಲಗನ್ನಡಿ ಬಿದ್ದು ಚೂರಾಗಿತ್ತು. ಎಡದ್ದೊಂದೇ ಉಳಿದಿತ್ತು. ರೊಟ್ಟಿ ಮುರಿಯುವಾಗ ನನ್ನ ಹೊಟ್ಟೆಯ ಉರಿಯನ್ನೆಲ್ಲ ಅವನ ಮುಂದೆ ಕಾರಿಕೊಂಡೆ.

"ಒಂದರೆ ಕಾಯಂ ಕೂಡಂಗಿಲ್ಲ ಮಾರಾಯಾ! ಬಿಗದ್ರ ಸಡಲ್ತದ, ಕಟ್ಟಿದ್ರ ಹರಿತದ. ಈ ಕನ್ನಡಿ ಬರೋಬರ ಕೂಡಸೋ ಮಗ ಒಬ್ಬ ಹುಟ್ಟಿಲ್ಲ ಈ ಮುಲಕದಾಗ."

ಬಕ್ಕಪ್ಪ ತಲೆಯಾಡಿಸಿದ. ಏನೋ ಅಂದ. ಮುಖ ಕೆಳಗೆ ಮಾಡಿ ಅಂದದ್ದರಿಂದ ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಯಾವಾಗಲೂ ಮಾಡುವಂತೆ "ಹೂಂ, ಹಂಗೇ ಆಗ್ಲಿ" ಎಂದೆ.

ಮರುದಿನ ಬೆಳಗ್ಗೆ ನನ್ನ ಲಿಂಗಪೂಜೆ ಮುಗಿಯುವಷ್ಟರಲ್ಲಿ ಫಟಫಟಿ ಅಂಗಳದಲ್ಲಿ ತಯಾರಾಗಿ ನಿಂತಿತ್ತು. ತೊಳೆದಿದ್ದರು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಸುತ್ತಿದ್ದರು. ಬಕ್ಕಪ್ಪನೂ ತಲೆಗೆ ಹೊಸ ಪಟಗ ಸುತ್ತಿ, ಉದಗೀರದ ದೀಕ್ಷೆ ನೋಡಬೇಕೆಂದು ಹಿಂದೆ ಹತ್ತಿ ಕೂತ. ಹೊತ್ತಾಗಿತ್ತು. ಮಾಲೆಯ ಕೆಳಗೆ ಏನಿದೆಯೆಂದು ನಾನು ನೋಡಲಿಲ್ಲ. ಕನ್ನಡಿ ಮಾತ್ರ ಅಂದು ಮಿಸುಕಲಿಲ್ಲ. ಹದಿನೆಂಟು ಹಳ್ಳ ಹಾರಿಸಿದರೂ ಅಲುಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಹಿಂದಿನ ರಸ್ತೆ ನಡುಗದೆ ಕಂಡಿತು. ಬಕ್ಕಪ್ಪನ ನಗುವೂ ಕಂಡಿತು.

ನಿಲಂಗಾದಲ್ಲಿ ಪೆಟ್ರೋಲು ಹಾಕುವಾಗ ಮಾಲೆ ಸರಿಸಿದೆ. ನಟ್ಟು ಇರಲಿಲ್ಲ. ಹಿಡಿಕೆ, ಕಡ್ಡಿ, ಹ್ಯಾಂಡಲ್ಲು, ಮೂರನ್ನೂ ನುಂಗಿದ ಒಂದು ಹಿತ್ತಾಳೆಯ ಗಡ್ಡೆ ಮಾತ್ರ ಇತ್ತು, ಮೇಲೆ ಚೊಕ್ಕ ಅರ ಹಾಕಿ ನುಣುಪು ಮಾಡಿದ್ದರು.

"ಏನ್ ಮಾಡಿದ್ಯೋ ಇದು?"

"ನಾ ನಿನ್ನೇನೇ ಕೇಳಿದ್ನೆಲ್ರಿ ಅಯ್ನೋರ, ಹಿತ್ತಾಳಿ ಕಾಸಾರನ ಕೈಲಿ ಬೆಸಸಿ ಬಿಡ್ಲೇನು ಅಂತ. ನೀವು ಹಂಗೇ ಆಗ್ಲಿ ಅಂದ್ರಿ," ಎಂದ ಬಕ್ಕಪ್ಪ. "ಬೆಳಗಾಗೂದ್ರಾಗ ಹಿತ್ತಾಳಿ ಕರಗಿಸಿ ಹಾಕ್ಸೀನಿ. ಇನ್ನ ಯಾರ ಅಪ್ಪನಿಂದನೂ ಬಿಚ್ಚಲಾಕ ಆಗಂಗಿಲ್ರಿ."

ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಿ ಏನೆಂದು ಹೇಳಲಿ? ಬೇಕು ಬೇಕೆಂದು ಊರೂರು ಅತ್ತವನು ನಾನೇ. ಕೇಳಿಸದೆ ಹೂಂಗುಟ್ಟಿದವನೂ ನಾನೇ. ಕೈಯಿಂದ ತಿರುವಿದೆ, ಕಾಲು ಕೊಟ್ಟು ಎಳೆದೆ, ಕಲ್ಲಿನಿಂದ ಬಡಿದೆ. ಗಾಜು ಒಡೆದೀತೆಂಬ ಹೆದರಿಕೆಯಲ್ಲಿ ಜೋರಾಗಿ ಬಡಿಯುವಂತೆಯೂ ಇರಲಿಲ್ಲ. ಕಮ್ಮಾರನ ಕುಲುಮೆಗೆ ನೂಕಿಕೊಂಡು ಹೋದರೆ ಅವನು ಯಾವುದೋ ಮದುವೆಗೆ ಊರಿಗೆ ಹೋಗಿದ್ದ. ಬಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು, "ಅಯ್ನೋರ, ತಪ್ಪೇನಾತ್ರಿ?" ಎಂದು ಮೂರು ಸಲ ಕೇಳಿದ. "ಏನಿಲ್ಲ, ಕೂಡು," ಎಂದೆ.

ಮಾಂಜ್ರಾ ನದಿಯ ಉಸುಕಿನಲ್ಲಿ ಗಾಡಿ ಹೂತು ಒಂದು ತಾಸು ಹೋಯಿತು. ಆಚೆ ದಂಡೆಯಲ್ಲಿ ಗಾಲಿಗೆ ಮುಳ್ಳು ಚುಚ್ಚಿ ಇನ್ನೊಂದು ತಾಸು. ಉದಗೀರ ಮುಟ್ಟಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ವಿಶ್ವನಾಥಪ್ಪ ಬಾಗಿಲಲ್ಲೇ ನಿಂತಿದ್ದ.

"ಲಗೂನ ಬರ್ರಿ ಅಯ್ನೋರ. ಹೊತ್ತ ಮುಳುಗೂದ್ರೊಳಗ ಆಗ್ಬೇಕು. ಯವ್ವ ಮುಂಜಾನಿಂದ ಗುಟುಕ ನೀರೂ ಕುಡದಿಲ್ರಿ."

ಕಮ್ಮಾರನನ್ನು ಕರೆಸೋಣ ಎಂದೆ. ಯಾಕೆ ಎಂದ. ಕನ್ನಡಿ ಬಿಚ್ಚಬೇಕು ಎಂದೆ. ಅಂದು ಸೋಮವಾರ, ಕುಲುಮೆಗೆ ಬೆಂಕಿ ಹಾಕುವುದಿಲ್ಲ ಎಂದ. ಹಾಗಾದರೆ ಮನೆಯೊಳಗಿನ ಯಾವುದಾದರೂ ಕನ್ನಡಿ ಕೊಡಿ, ಇವತ್ತಿಗೆ ನಡೆಯುತ್ತದೆ ಎಂದೆ. ರಾಚಯ್ಯ ಹತ್ತಿರವೇ ಇದ್ದ.

"ಬ್ಯಾರೆ ಕನ್ನಡಿ ನಡಿಯಂಗಿಲ್ಲ ಅಂತ ನೀವೇ ಮೂರು ತಾಲೂಕಿಗಿ ಸಾರಿದ್ರೆಲ್ಲ ಅಣ್ಣಾ? ಇವತ್ತ ಹ್ಯಾಂಗ ನಡಿತದ?"

ವಿಶ್ವನಾಥಪ್ಪನೂ ಹುಬ್ಬು ಗಂಟಿಕ್ಕಿದ. ತಾಯಿಯ ದೀಕ್ಷೆಯಲ್ಲಿ ಕಮ್ಮಿ ದರ್ಜೆಯ ಕನ್ನಡಿ ಇಡುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಹಾಗಾದರೆ ಫಟಫಟಿಯನ್ನೇ ಎತ್ತಿ ಒಳಗೆ ತರುತ್ತೇನೆಂದು ಬಕ್ಕಪ್ಪ ಪಟಗ ಬಿಚ್ಚಿ ಸೊಂಟಕ್ಕೆ ಬಿಗಿದ. ವಿಶ್ವನಾಥಪ್ಪನ ಹೆಂಡತಿ ಭಾಗೀರಥಿಬಾಯಿ ಅಡ್ಡ ನಿಂತಳು. ತೊಗಲಿನ ಸೀಟು ದೇವರ ಕೋಣೆಗೆ ಬರುವಂತಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಎಲ್ಲರೂ ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ನನ್ನ ದುರ್ದೈವ. ಕನ್ನಡಿಯಿಲ್ಲದೆ ದೀಕ್ಷೆ ಆಗುವುದಿಲ್ಲವೇ ಎಂದು ವಿಶ್ವನಾಥಪ್ಪ ಕೇಳಿದ. ಆಗುವುದಿಲ್ಲ ಎನ್ನಲು ಯಾವ ಶಾಸ್ತ್ರ ತರಲಿ? ಕಾಲು ತೊಳೆದುಕೊಂಡು ಒಳಗೆ ಹೋದೆ.

ದೇವರ ಕೋಣೆಯಲ್ಲಿ ಒಂದೇ ದೀಪ. ಬಾಗಿಲಲ್ಲಿ ಮನೆಯವರು, ಅವರ ಹಿಂದೆ ಓಣಿಯವರು. ಸರುಬಾಯಿ ಸೊಸೆಯ ಹೆಗಲು ಹಿಡಿದು, ಮೊಣಕಾಲು ಮುರಿದು, ಬಹಳ ಕಷ್ಟದಿಂದ ನನ್ನ ಪಕ್ಕ ಕೂತಳು. ನಾನು ಅವಳ ಕಿವಿಯಲ್ಲಿ ಗುಟ್ಟು ಹೇಳಿದೆ. ಆಮೇಲೆ ಕಣ್ಣು ಮುಚ್ಚಿ ನನ್ನ ಬಲಗಿವಿಯನ್ನು ಅವಳ ಕಡೆ ಕೊಟ್ಟೆ.

ಕನ್ನಡಿ ಬರುವ ಮೊದಲು, ಜ್ವರದಿಂದೆದ್ದ ಮೊದಲ ಎರಡು ವರ್ಷ, ನಾನು ಹೇಗೆ ನಿಭಾಯಿಸುತ್ತಿದ್ದೆನೋ ಅಂದೂ ಹಾಗೆಯೇ ಮಾಡಿದೆ. ಕಿವಿಗೆ ಬಿಸಿ ಉಸಿರು ತಾಗುತ್ತದೆ. ಉಸಿರಿಗೆ ಒಂದು ಸಲ ಎಂದು ಲೆಕ್ಕ. ತಾಗಿತು, ಒಂದು. ತಾಗಿತು, ಎರಡು. ಮೂರನೆಯದು ದೊಡ್ಡದಾಗಿ ತಾಗಿತು. ಮುದುಕಿ ಒಳ್ಳೆ ಗಟ್ಟಿ ಇದ್ದಾಳೆ ಎಂದುಕೊಂಡೆ. ಕಣ್ಣು ತೆರೆದು, ಎಲ್ಲರಿಗೂ ಕೇಳುವಂತೆ, "ಸರಿ ಅದ. ಬರೋಬರ ಹೇಳಿದಿ ತಾಯಿ," ಎಂದೆ.

ಯಾರೂ ಶರಣೆನ್ನಲಿಲ್ಲ. ಭಾಗೀರಥಿಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಸರುಬಾಯಿ ನೆಲಕ್ಕೆ ಕೈಯೂರಿ ನನ್ನ ಮುಖದ ಮುಂದೆ ಬಂದಳು. ಸೆರಗಿನ ತುದಿಯಲ್ಲಿ ಆಗ ತಾನೇ ಒರೆಸಿದ ತಂಬಾಕಿನ ಕರೆ ಇತ್ತು. ನೀರು ಬಿಟ್ಟಿದ್ದಳು, ತಂಬಾಕು ಬಿಟ್ಟಿರಲಿಲ್ಲ.

"ನಾ ಇನ್ನಾ ಬಾಯೇ ತೆಗದಿಲ್ರೀ ಅಯ್ನೋರ. ಕುಂತ ದಮ್ಮ ಹತ್ತಿತ್ತು, ಉಸರ ಬಿಡ್ಲತಿದ್ದೆ."

ಏನಾದರೂ ಹೇಳಬೇಕೆಂದು ನೋಡುವಷ್ಟರಲ್ಲಿ ಅವಳು ನನ್ನ ಹೆಗಲ ಮೇಲಿಂದ ಹಿಂದೆ ನೋಡತೊಡಗಿದಳು. ಎಲ್ಲರೂ ಅಲ್ಲಿಗೇ ನೋಡುತ್ತಿದ್ದರು. ತಿರುಗಿದೆ. ರಾಚಯ್ಯ ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿ ನಿಂತು ಬಾಯಿ ತೆರೆದಿದ್ದ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದನೋ. ನಾನು ತಿರುಗಿದ್ದು ಕಂಡು ಬಾಯಿ ಮುಚ್ಚಿದ. ಅವನು ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡುತ್ತಿದ್ದೆ.

"ಹೌದು," ಎಂದೆ. "ನನಗ ಕೇಳಸಂಗಿಲ್ಲ. ಐದು ವರ್ಷಾತು."

ಹೇಳಿದ ಮೇಲೆ ಎದೆ ಹಗುರಾಗುತ್ತದೆಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಕನ್ನಡಿಯ ಕತೆಯನ್ನು, ಗು​ರುಮನೆಯ ಸುಳ್ಳನ್ನು, ಎಲ್ಲವನ್ನೂ ನೆಲ ನೋಡಿಕೊಂಡು ಒದರಿದೆ. ತಲೆ ಎತ್ತಿದಾಗ ಭಾಗೀರಥಿಬಾಯಿ ಮುಂದೆ ಕೂತಿದ್ದಳು. ಅವಳ ದೀಕ್ಷೆ ಹಿಂದಿನ ವರ್ಷ ಆಗಿತ್ತು.

"ಹಂಗಾದರ ನಂದು?"

"ನಿಂದು ಕಂಡೀನಿ ತಾಯಿ. ಕನ್ನಡ್ಯಾಗ ನಿನ್ನ ತುಟಿ ಕಂಡೀನಿ. ಒಂದ ಮಾತೂ ತಪ್ಪಿಲ್ಲ."

ಅವಳು ಕೊರಳಿನ ಲಿಂಗ ಮುಟ್ಟಿಕೊಂಡು ಹಿಂದೆ ಸರಿದಳು. ಅವಳ ಜಾಗಕ್ಕೆ ಬಕ್ಕಪ್ಪ ಬಂದ. ಅವನು ಬೆರಳು ಮಡಿಚಿ ಏನೋ ಎಣಿಸುತ್ತಿದ್ದ.

"ನಂದು ಎಳ್ಳಮಾಸಿ ಮುಂದ ಆಗಿತ್ರಿ. ನಾಕ ವರ್ಷಾತು. ಆವಾಗ ಫಟಫಟಿನೇ ಇದ್ದಿದ್ದಿಲ್ಲ."

"ಆವತ್ತ ಏನ್ ಹೇಳಿದ್ದಿ ಬಕ್ಕಪ್ಪ?" ಎಂದು ಕೇಳಿದೆ.

ಗುಟ್ಟನ್ನು ನಾಲ್ಕು ಜನರ ಮುಂದೆ ಆಡಬಾರದಲ್ಲ. ಅವನು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ದನಿ ತೆಗೆಯದೆ ತುಟಿಯನ್ನಷ್ಟೇ ಅಲುಗಿಸಿದ. ನಾನು ನೋಡಿದ್ದು ತಪ್ಪೆಂದುಕೊಂಡೆ. ಇನ್ನೊಮ್ಮೆ ಅನ್ನು ಎಂದೆ. ಮತ್ತೆ ಅದೇ ಕಂಡಿತು. ಎರಡೇ ಮಾತು. ನಮ್ಮ ಗುಟ್ಟಿನಲ್ಲಿ ಅಂಥ ಮಾತೇ ಇಲ್ಲ.

"ಸರ್ಜ್ಯಾ, ಪಾಖರ್ಯಾ? ಏನಿದು?"

"ನಮ್ಮ ಎತ್ತಿನ ಹೆಸರ್ರಿ." ಅವನ ಮುಖ ಕೆಂಪಾಯಿತು. "ನೀವು ಹೇಳಿದ್ದು ಅಂಜಿಕ್ಯಾಗ ಮರತೇ ಹೋಯ್ತ್ರಿ. ಬಾಯಿಗಿ ಅವೇ ಬಂದವು. ಈಗ ಬೈತೀರಿ ಅಂತ ಕುಂತಿದ್ದೆ, ನೀವು ಸರಿ ಅದ ಅಂದ್ರಿ. ಗುರುನೇ ಸರಿ ಅಂದಮ್ಯಾಲೆ ನನಗೇನ್ ತಿಳಿತದ್ರಿ? ನನ್ನ ಪಾಲಿಗಿ ಇದೇ ಮಂತ್ರ ಅಂತ ತಿಳದೆ. ದಿನಾ ಲಿಂಗ ಕೈಯಾಗ ಹಿಡದು ನೂರಾ ಎಂಟು ಸಲ ಅಂತೀನ್ರಿ. ಹೋದ ಚೈತ್ರದಾಗ ಪಾಖರ್ಯಾ ಸತ್ತ. ಹೆಸರ ಅಂದ್ರ ಕಣ್ಣಾಗ ನೀರ ಬರ್ತಿದ್ದವು. ಆದರೂ ಬಿಟ್ಟಿಲ್ರಿ."

ಬಾಗಿಲಲ್ಲಿ ಯಾರದೋ ಹೊಟ್ಟೆ ನಗುವಿಗೆ ಕುಲುಕುವುದು ಕಂಡಿತು. ಸರುಬಾಯಿ ಅತ್ತ ತಿರುಗಿ ಏನೋ ಅಂದಳು, ಅದು ನಿಂತಿತು. ಬಕ್ಕಪ್ಪ ಅದನ್ನೆಲ್ಲ ಗಮನಿಸಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಹಂಗಾದರ ನಾಕ ವರ್ಷ ನಾ ಮಾಡಿದ್ದು ಯಾರಿಗಿ ಮುಟ್ಟ್ಯಾದ್ರಿ ಅಯ್ನೋರ?"

ಮೂವತ್ತು ವರ್ಷದ ಗುರುತನದಲ್ಲಿ ಯಾರು ಏನು ಕೇಳಿದರೂ ನನ್ನ ಹತ್ತಿರ ಉತ್ತರ ಇಲ್ಲದೇ ಹೋದದ್ದಿಲ್ಲ. ಕೇಳಿಸದಿದ್ದ ಪ್ರಶ್ನೆಗೂ ಉತ್ತರ ಕೊಟ್ಟಿದ್ದೇನೆ. ಇದು ಚೊಕ್ಕ ತಿಳಿದಿತ್ತು, ಒಂದೊಂದು ಮಾತೂ ತಿಳಿದಿತ್ತು.

"ನನಗ ಗೊತ್ತಿಲ್ಲೋ ಬಕ್ಕಪ್ಪ," ಎಂದೆ. ಕಣ್ಣೀರು ಬಂತು. ತಡೆಯಲಿಲ್ಲ.

"ಮೊದಲ ಅವಂದ ಮುಗಸ್ರಿ," ಎಂದಳು ಸರುಬಾಯಿ. "ನಂದು ರಾಚಯ್ಯ ಮಾಡ್ತಾನ."

ಬಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡು ಗುಟ್ಟು ಹೇಳಿದೆ. ಇಬ್ಬರ ತಲೆಯ ಮೇಲೂ ವಿಶ್ವನಾಥಪ್ಪ ಒಂದು ಶಲ್ಯ ಹೊದಿಸಿ ಹಿಡಿದ, ಒಳಗೆ ದೀಪ ಸರಿಸಿಕೊಟ್ಟ. ಬಕ್ಕಪ್ಪ ಆರು ಸಲ ತಪ್ಪಿ, ಏಳನೆಯ ಸಲಕ್ಕೆ ಗಟ್ಟಿ ಮಾಡಿಕೊಂಡ. ಸಂಜೆ ಅಂಗಳದಲ್ಲಿ ಹಿರಿಯರು ಕೂತು ದೀಕ್ಷೆಯ ಹಕ್ಕನ್ನು ರಾಚಯ್ಯನಿಗೆ ಒಪ್ಪಿಸಿದರು. ನಾನು ಹೂಂ ಎಂದೆ. ಈ ಸಲ ಎಲ್ಲರ ತುಟಿ ನೋಡಿಯೇ ಹೂಂ ಎಂದೆ.

ಆದರೆ ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಕಿವಿ ಹೋಗಿ ಕನ್ನಡಿ ಬಾರದಿದ್ದ ಆ ಎರಡು ವರ್ಷದಲ್ಲಿ ನಾನು "ಸರಿ ಅದ" ಎಂದದ್ದು ಇಪ್ಪತ್ತಮೂರು ಜನಕ್ಕೆ. ಬಕ್ಕಪ್ಪ ಒಬ್ಬನಾದ. ಇಪ್ಪತ್ತೆರಡು ಜನ ಈ ಹೊತ್ತಿಗೂ ಬೆಳಗಾದರೆ ಲಿಂಗ ಹಿಡಿದು ಏನೇನನ್ನುತ್ತಾರೋ. ನಾನು ಕೆಡಿಸಿದ್ದನ್ನು ನಾನೇ ನೋಡಿಬರಬೇಕು ಎಂದು ಹಿರಿಯರಿಗೆ ಹೇಳಿ, ಬಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಮೊದಲ ಮನೆ ಲೋಹಾರಾದ ಗುರುಲಿಂಗಪ್ಪನದು. ಊರಿನಲ್ಲಿ ಒಳ್ಳೆ ಹೆಸರಿನ ಒಕ್ಕಲಿಗ, ಅರವತ್ತು ಎಕರೆ ಕರಿನೆಲ. ಪಾದಕ್ಕೆ ನೀರು ತಂದ. ಬೇಡವೆಂದು ಕಟ್ಟೆಯ ಮೇಲೆ ಎದುರಿಗೆ ಕೂರಿಸಿಕೊಂಡೆ.

"ಗುರುಲಿಂಗಪ್ಪಾ, ನಾ ಕಿವುಡ ಇದ್ದೀನಿ. ನಿನ್ನ ದೀಕ್ಷಾದಾಗೂ ಕಿವುಡನೇ ಇದ್ದೆ. ನೀ ಆವತ್ತ ಹೇಳಿದ್ದು ನನಗ ಕೇಳಿಲ್ಲ, ಸರಿ ಅದ ಅಂತ ಸುಳ್ಳ ಹೇಳ್ದೆ. ಏನ್ ಹೇಳಿದ್ದಿ, ಈಗ ಹೇಳು."

ಅವನು ಬಾಗಿಲ ಕಡೆ ನೋಡಿದ, ಹೊಲದ ಕಡೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಾ ಮಂತ್ರ ಅಂದಿಲ್ರಿ. ನಿಮಗೊಂದ ಮಾತ ಕೇಳಿದ್ದೆ. ಗುರುವಿನ ಕಿವಿ ಬಿಟ್ಟು ಇನ್ಯಾರ ಮುಂದ ಕೇಳ್ಲಿ ಅಂತ."

"ಏನ್ ಕೇಳಿದ್ದಿ?"

"ತಮ್ಮನ ಹೊಲದ ಬಾಂದಿನ ಕಲ್ಲು ಕಿತ್ತಿ ಮೂರು ಎಕರೆ ಒಳಗ ಹಾಕೊಂಡೀನಿ, ತಿರುಗಿ ಬಿಡಬೇಕೋ ಏನ್ ಹಿಂಗೇ ಇರ್ಲೋ ಅಂತ ಕೇಳಿದ್ದೆ. ನೀವು ಸರಿ ಅದ ಅಂದ್ರಿ." ಮುಖ ನನ್ನ ಕಡೆಗಿದ್ದರೂ ಅವನ ಕಣ್ಣು ಹೊಲದಲ್ಲೇ ಇತ್ತು. "ಅಂವಾ ಉಳಿದ ಹೊಲ ಮಾರಿ ಹೆಂಡ್ತಿ ಮಕ್ಕಳ ಕಟಗೊಂಡ ಸೊಲ್ಲಾಪುರದ ಗಿರಣಿಗಿ ಹೋದ್ರಿ. ಹೋದ ವರ್ಷ ಅಲ್ಲೇ ತೀರಕೊಂಡ."

ಬಕ್ಕಪ್ಪ ಗಾಡಿಯ ಹತ್ತಿರ ನಿಂತು ನನಗಾಗಿ ಕಾಯುತ್ತಿದ್ದ. ಹೋಗಬೇಕಾದ ಮನೆಗಳು ಇನ್ನೂ ಇಪ್ಪತ್ತೊಂದು ಇದ್ದವು.